ಸಹಾಯ ಬೇಕು: ಮಳೆ ಹಿಡಿದ ಮೇಲೆ ಲೇಸರ್ ಪಲ್ಸ್ ಉಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಕ್ರೋಮಿಯಂ ಬೆರೆಸಿದ ಜಿಂಕ್ ಸೆಲೆನೈಡ್ ಹರಳಿನ ಲೇಸರ್ ಮೇಲೆ. ಥುಲಿಯಂ ಫೈಬರ್ ಲೇಸರ್‌ನಿಂದ ಪಂಪ್ ಮಾಡಿದರೆ (ಅಂದರೆ ಹರಳಿಗೆ ಶಕ್ತಿ ತುಂಬಿದರೆ) 2.4 ಮೈಕ್ರೋಮೀಟರ್ ಹತ್ತಿರ ಬೆಳಕು ಸಲೀಸಾಗಿ ಬರುತ್ತದೆ. ತೊಂದರೆ ಇರುವುದು ಮೋಡ್‌ಲಾಕಿಂಗ್‌ನಲ್ಲಿ, ಅಂದರೆ ಆ ಬೆಳಕನ್ನು ಅತಿ ಕಿರು ಪಲ್ಸ್‌ಗಳ (ಮಿಡಿತಗಳ) ಸಾಲಾಗಿ ಹೊರಡಿಸುವುದರಲ್ಲಿ. ಕೊನೆಯ ಕನ್ನಡಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಫೆಮ್ಟೋಸೆಕೆಂಡ್ (ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗ) ಅಳತೆಯ ಪಲ್ಸ್ ಶುರುವಾಗುತ್ತದೆ, ಆಸಿಲೋಸ್ಕೋಪಿನಲ್ಲಿ ಸಾಲಾಗಿ ಗೆರೆಗಳು ಏಳುತ್ತವೆ, ಹತ್ತು ಸೆಕೆಂಡಿನಲ್ಲಿ ಮಾಯ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಇರುತ್ತಿತ್ತು. 2.5 ಮೈಕ್ರೋಮೀಟರ್ ದಾಟಿದರೆ ಗಾಳಿಯಲ್ಲಿರುವ ನೀರಾವಿ ಬೆಳಕನ್ನು ಜಾಸ್ತಿ ಹೀರುತ್ತದೆ ಅಲ್ವಾ, ಅದಕ್ಕೇ ಪೆಟ್ಟಿಗೆ ಮುಚ್ಚಿ ಒಣ ನೈಟ್ರೋಜನ್ ಬಿಟ್ಟು ನೋಡಿದೆ, ತೇವಾಂಶ ಶೇ. 70ರಿಂದ 20ಕ್ಕೆ ಇಳಿಯಿತು, ಆದರೂ ಅದೇ ಕಥೆ. ಕನ್ನಡಿಗಳನ್ನು ಮೂರು ಸಲ ಮತ್ತೆ ಜೋಡಿಸಿದ್ದೂ ಆಯಿತು. ಹರಳಿನ ಡಿಸ್ಪರ್ಷನ್ (ಬೇರೆ ಬೇರೆ ತರಂಗಾಂತರದ ಬೆಳಕು ಬೇರೆ ಬೇರೆ ವೇಗದಲ್ಲಿ ಸಾಗಿ ಪಲ್ಸ್ ಹರಡಿಕೊಳ್ಳುವುದು) ಸರಿದೂಗಿಸಲು ಹಾಕಿರುವ ಸಫೈರ್ ತುಂಡು 2 ಮಿಲಿಮೀಟರ್ ದಪ್ಪ ಇದೆ. ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಸಫೈರ್ ದಪ್ಪ ಬದಲಿಸಲೋ, ಇಲ್ಲ ತೇವಾಂಶವನ್ನೇ ಶೇ. 5ಕ್ಕಿಂತ ಕೆಳಗೆ ತರಲೋ, ಮೊದಲು ಯಾವುದನ್ನು ಮಾಡಲಿ?