ಮಡಿಕೇರಿ ಮಳೆಗೆ ತಡೆಯುವ ಟೇಪ್ ಡ್ರೈವ್ ಯಾವುದು?

ಪ್ರಶ್ನೆ:
ಮಡಿಕೇರಿಯ ಕಚೇರಿಯೊಂದರ ಲಿನಕ್ಸ್ ಸರ್ವರ್‌ನಲ್ಲಿ 7 ಟಿಬಿ ಡೇಟಾ ಇದೆ. ವಾರಕ್ಕೊಮ್ಮೆ ಪೂರ್ತಿ ಬ್ಯಾಕಪ್ ಬೇಕು. ಎಲ್‌ಟಿಒ (ಬ್ಯಾಕಪ್ ಟೇಪಿನ ಒಂದು ಮಾನದಂಡ) 8ನೇ ತಲೆಮಾರಿನದು ಸಾಕೋ, 9ಕ್ಕೇ ಹೋಗಬೇಕೋ? ಹಳೆಯ ಎಲ್‌ಟಿಒ-6 ಟೇಪುಗಳೂ ಇವೆ.

ಉತ್ತರ 1:
8 ಧಾರಾಳ. ಕಂಪ್ರೆಷನ್ (ಡೇಟಾ ಕುಗ್ಗಿಸುವುದು) ಇಲ್ಲದೆ ಟೇಪಿಗೆ 12 ಟಿಬಿ ಹಿಡಿಯುತ್ತದೆ. ಪೆಟ್ಟಿಗೆ ಮೇಲಿನ 30 ಟಿಬಿ ಕುಗ್ಗಿಸಿದ ಲೆಕ್ಕ, ನಂಬಬೇಡಿ; ಫೋಟೊ, ವಿಡಿಯೊ ಮತ್ತೆ ಕುಗ್ಗುವುದಿಲ್ಲ. ಆದರೆ 8ರ ಡ್ರೈವ್ 7 ಮತ್ತು 8ರ ಟೇಪು ಮಾತ್ರ ಓದುತ್ತದೆ. 6ರ ಡೇಟಾ ಎತ್ತಿಕೊಳ್ಳುವ ತನಕ ಹಳೇ ಡ್ರೈವ್ ಮಾರಬೇಡಿ. ಎಸ್‌ಎಎಸ್ (ಸರ್ವರ್ ಡಿಸ್ಕ್, ಟೇಪ್ ಜೋಡಿಸುವ ಕೇಬಲ್ ಬಗೆ) ಮಾದರಿಗೆ ಪ್ರತ್ಯೇಕ ಎಚ್‌ಬಿಎ ಕಾರ್ಡ್ (ಡ್ರೈವನ್ನು ಸರ್ವರ್‌ಗೆ ನೇರ ಜೋಡಿಸುವ ಕಾರ್ಡ್) ಹಾಕಿ. ರೈಡ್ ಕಾರ್ಡಿಗೆ (ಹಲವು ಡಿಸ್ಕ್ ಒಂದಾಗಿಸುವ ಕಾರ್ಡ್) ಸಿಕ್ಕಿಸಿದರೆ ಎಷ್ಟೋ ಸಲ ಡ್ರೈವ್ ಕಾಣುವುದೇ ಇಲ್ಲ.

ಉತ್ತರ 2:
ಬ್ರ್ಯಾಂಡ್‌ಗಿಂತ ಡೇಟಾ ಬರುವ ವೇಗ ನೋಡಿ. 8ರ ಗರಿಷ್ಠ ವೇಗ ಸೆಕೆಂಡಿಗೆ 360 ಎಂಬಿ. ಡೇಟಾ ನಿಧಾನವಾದರೆ ಡ್ರೈವ್ ತಾನೇ ವೇಗವನ್ನು ಸುಮಾರು 110 ಎಂಬಿವರೆಗೆ ಇಳಿಸಿಕೊಳ್ಳುತ್ತದೆ. ಗಿಗಾಬಿಟ್ ನೆಟ್‌ವರ್ಕ್ ಕೊಡುವುದೇ ಹೆಚ್ಚೆಂದರೆ ಅಷ್ಟು. ಅದಕ್ಕಿಂತ ಕೆಳಗಾದರೆ ಟೇಪ್ ನಿಂತು, ಹಿಂದೆ ಸರಿದು, ಮತ್ತೆ ಓಡುತ್ತದೆ. ಹೀಗೆ ಗಂಟೆಗಟ್ಟಲೆ ನಡೆದರೆ ಓದಿ ಬರೆಯುವ ಹೆಡ್ಡೂ ಸವೆಯುತ್ತದೆ, ಟೇಪೂ ಸವೆಯುತ್ತದೆ. ಮೊದಲು ಲೋಕಲ್ ಡಿಸ್ಕಿಗೆ ಬರೆದು, ಅಲ್ಲಿಂದ ಎಂಬಫರ್ (ಡೇಟಾ ಮೆಮೊರಿಯಲ್ಲಿ ತುಂಬಿಟ್ಟು ಹರಿಸುವ ಪ್ರೋಗ್ರಾಂ, mbuffer) ಮೂಲಕ ಟೇಪಿಗೆ ಹರಿಸಿ: 4 ಜಿಬಿ ಬಫರ್, 80% ತುಂಬಿದ ಮೇಲೆ ಬರವಣಿಗೆ ಶುರು.

ಪ್ರಶ್ನೆ ಕೇಳಿದವರು:
ಕಕ್ಕಡದ (ಕೊಡಗಿನ ಜಡಿಮಳೆ ತಿಂಗಳು) ತೇವಕ್ಕೆ ಏನು ಮಾಡೋದು?

ಉತ್ತರ 3:
ಆರ್ದ್ರತೆ 80% ದಾಟಿದರೆ ಡ್ರೈವ್ ಓಡಿಸಲೇಬಾರದು. ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಡಿ, ಜತೆಗೆ ಯುಪಿಎಸ್. ಹೊರಗಿಂದ ತಂದ ಟೇಪು 24 ಗಂಟೆ ಅದೇ ಕೋಣೆಯಲ್ಲಿ ಇದ್ದ ಮೇಲೆ ಹಾಕಿ. ಕ್ಲೀನಿಂಗ್ ಟೇಪನ್ನು, ಡ್ರೈವ್ ಕೇಳಿದಾಗ ಮಾತ್ರ ಹಾಕಿ. 2018ರ ಗುಡ್ಡ ಕುಸಿತ ನೆನಪಿದೆಯಲ್ಲ, ಟೇಪಿನ ಒಂದು ಸೆಟ್ ಮೈಸೂರಲ್ಲಿರಲಿ.