ಸಹಾಯ ಬೇಕು: ಸಾಂಬ್ರಾಣಿ ಸೀಯದೆ ಘಮ ಕೊಡೋ ಎಲೆಕ್ಟ್ರಿಕ್ ಧೂಪದಾನಿ ಯಾವುದು?

ಅಪಾರ್ಟ್‌ಮೆಂಟಲ್ಲಿ ಹೊಗೆ ಅಲಾರಂ ಇದೆ, ಕೆಂಡ ಆಗಲ್ಲ. ಚಿಕ್ಕಪೇಟೆಯಿಂದ ತಂದ ಸಾದಾ ಧೂಪದಾನಿಗೆ ಆನ್-ಆಫ್ ಬಿಟ್ಟರೆ ಬೇರೇನಿಲ್ಲ, ತಟ್ಟೆ ಕಾಯ್ತಾನೇ ಹೋಗುತ್ತೆ. ಮೊದಲು ಹಾಲು ಸಾಂಬ್ರಾಣಿಯ ಸಿಹಿ ಘಮ, ಆಮೇಲೆ ಅಂಟು ಕರಗಿ, ಕಪ್ಪಾಗಿ, ಬರೀ ಕಮಟು. ಹಗುರ ಪರಿಮಳ ಮೊದಲೇ ಹಾರಿಹೋಗುತ್ತೆ, ಉಳಿದಿದ್ದು ಸುಡುತ್ತೆ.

ಪುಡಿಯನ್ನ ಕಡಲೆಕಾಳಿನಷ್ಟಕ್ಕೆ ಇಳಿಸಿದ್ದಾಯ್ತು, ಕೆಳಗೆ ಅಭ್ರಕದ ತಗಡು ಇಟ್ಟಿದ್ದಾಯ್ತು. ಸೀಯೋದು ತಡವಾಯ್ತು, ಅಷ್ಟೇ. (ಹಳೇ ಅಂಟನ್ನ ಪ್ರತಿಸಲ ತಟ್ಟೆ ಆರಿದ ಮೇಲೆ ಸ್ಪಿರಿಟಲ್ಲಿ ಒರೆಸ್ತೀನಿ, ಅದನ್ನೇ ಹೇಳಬೇಡಿ!)

ಗೊಂದಲ ಇಲ್ಲಿದೆ: ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಲ್ಲಿ ಡಿಮ್ಮರ್ ಸಿಗುತ್ತೆ. ಆದರೆ ಅದು ಕರೆಂಟ್ ತಗ್ಗಿಸುತ್ತೆ, ಬಿಸಿಯನ್ನ ಅಳೆಯಲ್ಲ. ಧೂಪದಾನಿ ಒಳಗಿರೋದು ಪಿಟಿಸಿ ಹೀಟರ್ (ಬಿಸಿ ಏರಿದಂತೆ ತಾನೇ ಕರೆಂಟ್ ತಗ್ಗಿಸಿಕೊಳ್ಳೋದು) ಆದರೆ ಡಿಮ್ಮರಿಗೆ ಅಷ್ಟಾಗಿ ಬಗ್ಗೋದೂ ಇಲ್ಲ.

ಈಗಿರೋ ಧೂಪದಾನಿಗೇ ಸೆನ್ಸರ್ ಇರೋ ಟೆಂಪರೇಚರ್ ಕಂಟ್ರೋಲರ್ ಹಾಕಿಸಲಾ, ಇಲ್ಲಾ ಡಿಗ್ರಿ ಸೆಟ್ ಮಾಡೋ ಸೆರಾಮಿಕ್ ತಟ್ಟೆಯದ್ದೇ ಕೊಳ್ಳಲಾ? ಬಳಸ್ತಿರೋರು ಸಾಂಬ್ರಾಣಿಗೆ ಎಷ್ಟು ಡಿಗ್ರಿ ಇಡ್ತೀರಿ?