ಗಮನ ಎತ್ತ ಹೋಗಬೇಕೆಂಬುದನ್ನು ನೀವು ಹೇಗೆ ನಿರ್ಧರಿಸುತ್ತೀರಿ?

ಕೇಳಿದವರು:
ದಿನ ಮುಗಿದ ಮೇಲೆ ಯೋಚಿಸಿದರೆ, ಸಮಯ ಸಾಲದೆ ಕೆಲಸ ಉಳಿಯಿತು ಎನ್ನುವುದಕ್ಕಿಂತ, ಸಮಯವಿದ್ದಾಗಲೂ ಮನಸ್ಸು ಅಲ್ಲಿರಲಿಲ್ಲ ಎನ್ನುವುದೇ ಹೆಚ್ಚು ನಿಜವೆಂದು ತೋರುತ್ತದೆ. ಮೊಬೈಲಿನ ನೋಟಿಫಿಕೇಶನ್‌ಗಳನ್ನೆಲ್ಲ ನಿಲ್ಲಿಸಿ ನೋಡಿದೆ. ಎರಡು ವಾರ ಚೆನ್ನಾಗಿತ್ತು, ಆಮೇಲೆ ಯಾವ ಸದ್ದೂ ಬಾರದಿದ್ದರೂ ನಾನೇ ಅದನ್ನು ತೆಗೆದು ನೋಡತೊಡಗಿದೆ. ಗಮನವನ್ನು ತಾವು ಆರಿಸಿದ ಕಡೆಗೇ ಕೊಡುವ ಅಭ್ಯಾಸ ಮಾಡಿಕೊಂಡವರಿದ್ದರೆ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಮೊದಲನೆಯ ಉತ್ತರ:
ಕರಡಚ್ಚು ತಿದ್ದುವುದು ನನ್ನ ವೃತ್ತಿಯಾದ್ದರಿಂದ, ನನ್ನ ಗಮನ ತಪ್ಪಿದ್ದಕ್ಕೆ ಸಾಕ್ಷಿ ಅಚ್ಚಾಗಿಯೇ ಎಲ್ಲರ ಕೈಸೇರುತ್ತದೆ. ಒಮ್ಮೆ ಅಧ್ಯಾಯದ ತಲೆಬರಹದಲ್ಲೇ ತಪ್ಪು ಉಳಿದು ಪೇಚಿಗೆ ಸಿಕ್ಕಿಕೊಂಡ ಮೇಲೆ, ಒಂದು ವಾರ ಮೇಜಿನ ಮೇಲೊಂದು ಚೀಟಿ ಇಟ್ಟುಕೊಂಡು, ಗಮನ ಪುಟದಿಂದ ಕದಲಿದಾಗಲೆಲ್ಲ ಗೀಟು ಹಾಕುತ್ತ ಬಂದೆ: ಯಾರೋ ಕರೆದದ್ದಾದರೆ ಎಡಕ್ಕೆ, ನಾನಾಗಿಯೇ ಬಿಟ್ಟದ್ದಾದರೆ ಬಲಕ್ಕೆ. ಬಲಗಡೆಯ ಗೀಟುಗಳು ಎಡಗಡೆಯವುಗಳ ಎರಡರಷ್ಟಾದವು. ನೋಟಿಫಿಕೇಶನ್ ನಿಲ್ಲಿಸಿಯೂ ನಿಮಗೆ ಫಲ ಸಿಗದಿದ್ದುದು ಇದರಿಂದಲೇ ಇರಬೇಕು. ಕಚೇರಿ ನೌಕರರ ಕೆಲಸದ ರೀತಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಗ್ಲೋರಿಯಾ ಮಾರ್ಕ್ ಅವರಿಗೂ, ಜನ ತಮಗೆ ತಾವೇ ಅಡ್ಡಿಪಡಿಸಿಕೊಳ್ಳುವುದು ಹೊರಗಿನ ಅಡ್ಡಿಗೆ ಹೆಚ್ಚುಕಡಿಮೆ ಸರಿಸಮವಾಗಿಯೇ ಕಂಡಿದೆ. 2004ರ ಸುಮಾರಿಗೆ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದ ಗಮನ, ಈಚಿನ ಅಳತೆಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ.

ಗೀಟುಗಳ ಲೆಕ್ಕಕ್ಕಿಂತ ಅವು ಬಿದ್ದ ಜಾಗವೇ ನನಗೆ ಹೆಚ್ಚು ಪಾಠ ಕಲಿಸಿತು. ತಿದ್ದುವುದೋ, ಲೇಖಕರನ್ನು ಕೇಳುವುದೋ ಎಂದು ತೀರ್ಮಾನಿಸಬೇಕಾದ ವಾಕ್ಯ ಎದುರಾದೊಡನೆ ನನಗೆ ಬಾಯಾರಿಕೆಯಾಗುತ್ತಿತ್ತು. ಇದಕ್ಕೆ ಮದ್ದು ಇನ್ನೂ ಸಿಕ್ಕಿಲ್ಲ. ಬಾಯಾರಿಕೆ ಬರೀ ನೆಪವೆಂದು ಗುರುತು ಹತ್ತಿದೆ, ಅಷ್ಟೆ. ಉಳಿದ ಗೀಟುಗಳ ಹಿಂದೆ ಇದ್ದದ್ದು ಮಾಡದೆ ಬಿಟ್ಟ ಸಣ್ಣಪುಟ್ಟ ಕೆಲಸಗಳು, ಆಡಬೇಕಾಗಿದ್ದು ಆಡದೆ ಉಳಿದ ಮಾತುಗಳು. ಮುಗಿಯದ ಕೆಲಸ ಮನಸ್ಸಿಗೆ ಮತ್ತೆಮತ್ತೆ ನುಗ್ಗುವುದನ್ನು ತಡೆಯಲು ಅದನ್ನು ಮುಗಿಸಲೇಬೇಕೆಂದಿಲ್ಲ, ಯಾವಾಗ ಮತ್ತು ಹೇಗೆ ಮಾಡುವೆವೆಂದು ಖಚಿತವಾಗಿ ಯೋಜಿಸಿಕೊಂಡರೂ ಸಾಕಾಗುತ್ತದೆ ಎಂದು ಮನೋವಿಜ್ಞಾನಿಗಳಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ. ನನ್ನ ಮಟ್ಟಿಗೆ ಇದು ಅಕ್ಷರಶಃ ನಿಜವಾಯಿತು. 'ತಂಗಿಗೆ ಕರೆ ಮಾಡಬೇಕು' ಎಂದು ಬರೆದಿಟ್ಟರೆ ಏನೂ ಪ್ರಯೋಜನವಿಲ್ಲ. 'ಸಂಜೆ ಆರಕ್ಕೆ, ಇಲ್ಲಿಂದ ಏಳುವ ಮೊದಲು, ತಂಗಿಗೆ ಕರೆ' ಎಂದು ಬರೆದರೆ ಆರರವರೆಗೆ ಅದರ ಕಾಟವಿರುವುದಿಲ್ಲ. ಕೆಲಸವನ್ನು ನಡುವೆ ಬಿಟ್ಟೇಳಬೇಕಾದಾಗಲೂ, ಮತ್ತೆ ಎಲ್ಲಿಂದ ಹಿಡಿಯಬೇಕೆಂದು ಒಂದು ಸಾಲು ಬರೆದಿಟ್ಟೇ ಏಳುತ್ತೇನೆ.

ಎರಡನೆಯ ಉತ್ತರ:
ಮೇಲಿನವರು ಹೇಳಿದ್ದು ಸರಿಯೇ, ಆದರೂ ನನ್ನದೊಂದು ತಕರಾರಿದೆ. ಗಮನವನ್ನು ಒಂದೆಡೆ ನೆಟ್ಟರೆ ಉಳಿದದ್ದು ಕಾಣುವುದಿಲ್ಲ. ವಿಡಿಯೊದಲ್ಲಿ ಆಟಗಾರರು ಚೆಂಡನ್ನು ಎಷ್ಟು ಬಾರಿ ಕೈಬದಲಾಯಿಸಿದರು ಎಂದು ಎಣಿಸುತ್ತ ಕುಳಿತವರಲ್ಲಿ ಸುಮಾರು ಅರ್ಧದಷ್ಟು ಜನ, ಆಟದ ನಡುವೆಯೇ ಹಾದುಹೋದ ಗೊರಿಲ್ಲಾ ವೇಷಧಾರಿಯನ್ನು ನೋಡಲೇ ಇಲ್ಲವೆಂಬುದು ಮನೋವಿಜ್ಞಾನಿಗಳಾದ ಸೈಮನ್ಸ್ ಮತ್ತು ಶಾಬ್ರಿ ಅವರ 1999ರ ಪ್ರಸಿದ್ಧ ಪ್ರಯೋಗದಲ್ಲಿ ಕಂಡದ್ದು. ನನ್ನ ತಂದೆಯವರು ಹಳೆಯ ಸಂಗತಿಗಳನ್ನೇ ತಿರುತಿರುಗಿ ಹೇಳುತ್ತಿದ್ದ ಕಾಲದಲ್ಲಿ, ನಾನು ಕೆಲಸದ ಮೇಲೆ ಗಮನವಿಟ್ಟೇ 'ಹೂಂ' ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೆ. ಅದನ್ನು ಏಕಾಗ್ರತೆ ಎಂದುಕೊಂಡು ಹೆಮ್ಮೆಯನ್ನೂ ಪಟ್ಟಿದ್ದೆ. ಒಂದು ದಿನ ಆ ಹಳೆಯ ಕಥೆಯ ನಡುವೆ, ಒಂದು ಮಾತ್ರೆ ಒಗ್ಗುತ್ತಿಲ್ಲವೆಂದು ತಾವೇ ಅದನ್ನು ನಿಲ್ಲಿಸಿರುವುದಾಗಿ ಹೇಳಿದರಂತೆ. ನಾನು ಅದಕ್ಕೂ 'ಹೂಂ' ಎಂದಿದ್ದೆ. ವಿಷಯ ತಿಳಿದದ್ದು ಮೂರು ದಿನಗಳ ಮೇಲೆ, ವೈದ್ಯರ ಎದುರಿಗೆ. ಅಂದಿನಿಂದ ಬೆಳಿಗ್ಗೆ ಯಾವುದಕ್ಕೆ ಗಮನ ಕೊಡುವೆನೆಂದು ಬರೆಯುವಾಗ, ಯಾವುದನ್ನು ಕಾಣದೆ ಹೋಗಲು ಒಪ್ಪಿದ್ದೇನೆ ಎಂಬುದನ್ನೂ ಅದರ ಕೆಳಗೆ ಬರೆಯುತ್ತೇನೆ. ಎರಡನೆಯ ಪಟ್ಟಿ ಬರೆಯುವುದೇ ಕಷ್ಟ. ಅದರಲ್ಲಿ ಅವರ ಹೆಸರು ಬರಬಾರದೆಂದೇ ಈಗ ಅವರು ಮಾತಿಗೆ ಕುಳಿತಾಗ ಪರದೆ ಮುಚ್ಚುತ್ತೇನೆ.

ಮೂರನೆಯ ಉತ್ತರ:
ರಾತ್ರಿಪಾಳಿಯಲ್ಲಿ ಯಂತ್ರಗಳ ಮಾಪಕಗಳನ್ನು ನೋಡುತ್ತ ಕೂರುವವನು ನಾನು. ಗಡಿಯಾರದ ಮುಳ್ಳು ಅಪರೂಪಕ್ಕೊಮ್ಮೆ ಎರಡು ಮನೆ ಜಿಗಿಯುವುದನ್ನು ಗುರುತಿಸಬೇಕಾದ ಪರೀಕ್ಷೆಯಲ್ಲಿ, ಮೊದಲ ಅರ್ಧ ಗಂಟೆಯ ನಂತರ ಜನರ ಕಣ್ತಪ್ಪು ಹೆಚ್ಚಿತೆಂದು ಮನೋವಿಜ್ಞಾನಿ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ್ದರು. ಆದ್ದರಿಂದ ನಾವಿಬ್ಬರು ಅರ್ಧ ಗಂಟೆಗೊಮ್ಮೆ ಜಾಗ ಬದಲಾಯಿಸಿಕೊಳ್ಳುತ್ತೇವೆ. ಗಮನ ಸಡಿಲಿದ್ದಕ್ಕೆ ನಿಮ್ಮನ್ನೇ ಹಳಿದುಕೊಳ್ಳುವ ಮೊದಲು, ಎಷ್ಟು ಹೊತ್ತು ಒಂದೇ ಸಮನೆ ಕುಳಿತಿದ್ದಿರಿ ಎಂದು ನೋಡಿಕೊಳ್ಳಿ. ಮೊಬೈಲನ್ನು ಎದ್ದು ಹೋಗಿಯೇ ತರಬೇಕಾದಷ್ಟು ದೂರದಲ್ಲಿಡಿ. ಏಳುವ ಸೋಮಾರಿತನವೇ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮೂರು ದಿನ ಗೀಟು ಹಾಕಿ ನೋಡಿದೆ. ಬಲಗಡೆಯ ಗೀಟುಗಳಲ್ಲಿ ಹೆಚ್ಚಿನವು ಒಂದೇ ಪತ್ರದ ಸುತ್ತ ಬಿದ್ದಿವೆ. ಒಬ್ಬರಿಗೆ 'ಆಗುವುದಿಲ್ಲ' ಎಂದು ತಿಳಿಸಬೇಕಾದ ಪತ್ರ ಅದು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ಮೊಬೈಲ್ ತೆರೆಯುವ ಮೊದಲು ಬರೆಯುವುದೆಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ.